ಪೊರೆ ಮತ್ತು ಹೂವು: ನಮ್ಮ ಸೀಮೆಯ ನೇತ್ರರಕ್ಷಣೆಯ ಇತಿಹಾಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುಸೀಮೆಯಲ್ಲಿ ದೃಷ್ಟಿಗೆಟ್ಟ ಕಣ್ಣನ್ನು ಕುರಿತು ಹಿರಿಯರು ಎರಡು ಮಾತುಗಳನ್ನಾಡುತ್ತಿದ್ದರು. ಒಂದು ‘ಪೊರೆ ಬಂದಿದೆ’. ಇನ್ನೊಂದು ‘ಹೂ ಬಿದ್ದಿದೆ’. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವು ಮಬ್ಬಾಗುವುದು. ಅದನ್ನು ತೆಗೆದರೆ ಬೆಳಕು ಮರಳುವುದು. ಹೂವೆಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವು ಗಾಯಗೊಂಡು ಬಿಳಿಯ ಕಲೆಯಾಗಿ ನಿಲ್ಲುವುದು. ಈ ಅಂತರವನ್ನರಿಯದೆ ನಮ್ಮ ನಾಡಿನ ನೇತ್ರಚಿಕಿತ್ಸೆಯ ಚರಿತ್ರೆಯು ಅರ್ಥವಾಗದು.

ಪೊರೆಯ ಚಿಕಿತ್ಸೆಯು ಭಾರತಕ್ಕೆ ಹೊಸದಲ್ಲ. ಶಲಾಕೆಯಿಂದ ಅದನ್ನು ದೃಷ್ಟಿಯ ದಾರಿಯಿಂದ ಸರಿಸುವ ವಿಧಾನವು ಸುಶ್ರುತಸಂಹಿತೆಯಲ್ಲಿಯೇ ಇದೆ. 1747ರಲ್ಲಿ ಫ್ರಾನ್ಸಿನ ಜಾಕ್ ಡೇವಿಯೆಲನು ಮಸೂರವನ್ನೇ ಹೊರತೆಗೆದನು. ಆದರೆ ಈ ವಿದ್ಯೆಯು ಹಳ್ಳಿಯ ಬಡವನ ಬಾಗಿಲಿಗೆ ಬರಬೇಕಾದರೆ ಡಾ. ಎಂ. ಸಿ. ಮೋದಿಯವರಂಥವರು ಹುಟ್ಟಬೇಕಾಯಿತು. ಅಂದಿನ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಜನಿಸಿದ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಉಚಿತ ಶಿಬಿರಗಳನ್ನು ಊರೂರಿಗೆ ಕೊಂಡೊಯ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಕ್ರಿಯೆಗಳನ್ನು ನೆರವೇರಿಸಿದರು. 1993ರ ವೇಳೆಗೆ ಅವರ ಶಸ್ತ್ರಕ್ರಿಯೆಗಳು 6 ಲಕ್ಷವನ್ನು ಮೀರಿದುದು ಗಿನ್ನೆಸ್ ಗ್ರಂಥದಲ್ಲಿ ದಾಖಲಾಗಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದ ಅವರು 2005ರಲ್ಲಿ ನಿಧನರಾದರು. ಆ ಶಿಬಿರಗಳಿಂದ ಮರಳಿದವರು ದಪ್ಪ ಗಾಜಿನ ಕನ್ನಡಕ ಧರಿಸಬೇಕಿತ್ತು. ಇಂದು ಕಣ್ಣಿನೊಳಗೇ ಇಡುವ ಕೃತಕ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು 1949ರಲ್ಲಿಯೇ ಪ್ರಯೋಗಿಸಿದ್ದರೂ ಅದು ನಮ್ಮ ಬಡವರಿಗೆ ದೊರೆಯಲು ದಶಕಗಳೇ ಹಿಡಿದವು.

ಇಂಥ ಮಹಾವೈದ್ಯರ ಶಸ್ತ್ರವೂ ಹೂವಿನ ಮುಂದೆ ನಿರುಪಾಯವಾಗಿತ್ತು. ಇಂದು ನೇತ್ರದಾನದಿಂದ ಪಟಲವನ್ನು ಬದಲಿಸಬಹುದಾದರೂ ದಾನಿಗಳು ಸಾಲರು. ಹೂವು ಬೀಳುವುದಾದರೋ ನಿತ್ಯದ ಬಾಳಿನಿಂದಲೇ: ಕೊಯ್ಲಿನಲ್ಲಿ ಗೀರುವ ಜೋಳದ ಗರಿ, ಕಣದ ಹೊಟ್ಟು, ಗೋಡೆ ಬಳಿಯುವಾಗ ಸಿಡಿಯುವ ಸುಣ್ಣ, ‘ತಂಪಿಗೆ’ ಎಂದು ಹಿಂಡುವ ಸೊಪ್ಪಿನ ರಸ. ಈ ಕೊನೆಯದು ಕೇಡುಗಳಲ್ಲೆಲ್ಲ ಕೇಡು ಎಂಬುದು ನಮ್ಮ ಅಭಿಪ್ರಾಯ. ಸಣ್ಣ ಗೀರನ್ನು ಹುಣ್ಣಾಗಿಸುವುದು ಬಹುಶಃ ಅದೇ. ಗೀರು ಬಿದ್ದರೆ ಉಜ್ಜದೆ, ಏನನ್ನೂ ಹಿಂಡದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಸುಣ್ಣ ಬಿದ್ದರೆ ಮೊದಲು ನೀರು, ಆಮೇಲೆ ಆಸ್ಪತ್ರೆ. ಕೊಡಗಟ್ಟಲೆ ಶುದ್ಧ ನೀರಿನಿಂದ ತೊಳೆಯುತ್ತಲೇ ಇರಬೇಕು.

ಮಕ್ಕಳ ಕಣ್ಣಿಗೆ ಬರಗಾಲವೇ ಶತ್ರುವಾಗಿತ್ತು. ರೊಟ್ಟಿಯೊಡನೆ ಹಸಿಯಾಗಿ ಕಡಿಯುವ ಹಕ್ಕರಕಿ, ಮೆಂತ್ಯ, ಬೇಯಿಸಿದ ನುಗ್ಗೆಸೊಪ್ಪು ಇವುಗಳಲ್ಲಿ ‘ಎ’ ಜೀವಸತ್ತ್ವದ ಮೂಲದ್ರವ್ಯವಿದೆ. ಮಳೆ ಹೋದರೆ ಮೊದಲು ಮರೆಯಾಗುವುದು ಈ ಸೊಪ್ಪೇ. ಆಗ ಇರುಳುಗಣ್ಣು ತೋರುವುದು. ಅದರ ಮೇಲೆ ದಡಾರ ಬಂದರೆ ಪಟಲವೇ ಕರಗಬಹುದು. 1876-78ರ ಮಹಾಕ್ಷಾಮವನ್ನು ಕಂಡ ಈ ಸೀಮೆಯಲ್ಲಿ ಎಷ್ಟು ಎಳೆಯ ಕಣ್ಣುಗಳು ಹೀಗೆ ನಂದಿದುವೋ! ಸರಕಾರವು ಮಕ್ಕಳಿಗೆ ‘ಎ’ ಜೀವಸತ್ತ್ವದ ದ್ರವ ಕೊಡಲಾರಂಭಿಸಿದ್ದು 1970ರಲ್ಲಿ. ಧೂಳು, ನೊಣ, ನೀರಿನ ಅಭಾವಗಳಿಂದ ಹಬ್ಬಿ ರೆಪ್ಪೆಯನ್ನು ಒಳಮಡಚಿಸುವ ಟ್ರಕೋಮಾದ ವಿರುದ್ಧ 1963ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮವಿತ್ತು. 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಬಂದಿತು. ಟ್ರಕೋಮಾ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಸಾರಿತು. ಮುಖ ತೊಳೆಯುವ ಒಂದು ತಂಬಿಗೆ ನೀರಿನ ಪಾಲೂ ಈ ಜಯದಲ್ಲಿದೆ.

ಕಣದ ಹೊಟ್ಟು ಮಾತ್ರ ಹೆಚ್ಚಿದೆ. ಹಂತಿ ಕಟ್ಟಿ ರಾಶಿ ಮಾಡುತ್ತಿದ್ದ ಕಾಲದಲ್ಲಿ ಗಾಳಿಯ ದಿಕ್ಕು ನೋಡಿ ತೂರುತ್ತಿದ್ದರು. ಯಂತ್ರಕ್ಕೆ ಆ ಹಂಗಿಲ್ಲ. ತೆನೆಯೊಡ್ಡುವ ಆಳಿನ ಮುಖಕ್ಕೇ ಹೊಟ್ಟು ಎರಚುವುದು. ಬಾಯಿಗೆ ವಸ್ತ್ರ ಕಟ್ಟಿಕೊಂಡವರೂ ಕಣ್ಣನ್ನು ತೆರೆದೇ ಬಿಟ್ಟಿರುತ್ತಾರೆ. ರಾಶಿಯ ದಿನ ಆಳುಗಳಿಗೆ ಬುತ್ತಿ ಕಟ್ಟಿಸುವ ಹೊಲದೊಡೆಯನು ಅವರಿಗೊಂದೊಂದು ಬಿಳಿಗಾಜಿನ ಕನ್ನಡಕವನ್ನೂ ಕೊಡಿಸಲಿ.