ಡಾರ್ಟ್‌ಮೂರಿನ ಅಂಚೆಪೆಟ್ಟಿಗೆ

ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮೂರ್ ಎಂಬ ಬೋಳು ಎತ್ತರದ ಬಯಲಿನಲ್ಲಿ, ಜೌಗಿನ ನಡುವೆ, ಕ್ರ್ಯಾನ್‌ಮಿಯರ್ ಪೂಲ್ ಎಂಬ ಜಾಗವಿದೆ. ಹೆಸರಿಗೆ ಕೊಳ, ನೋಡಿದರೆ ನೀರು ಬತ್ತಿದ ಕಪ್ಪು ಗುಂಡಿ. 1854ರಲ್ಲಿ ಚಾಗ್‌ಫರ್ಡ್ ಊರಿನ ಗೈಡ್ ಜೇಮ್ಸ್ ಪೆರೊಟ್ ಅಲ್ಲೊಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು.

ಬಾಟಲಿಯ ಜಾಗಕ್ಕೆ ಮುಂದೆ ಪೆಟ್ಟಿಗೆ ಬಂತು, 1905ರಲ್ಲಿ ಸಹಿ ಪುಸ್ತಕವೂ ಬಂತು. ನನಗೆ ಇಷ್ಟವಾದದ್ದು ಇನ್ನೊಂದು ಪದ್ಧತಿ: ವಿಳಾಸ ಬರೆದ ಕಾರ್ಡನ್ನು ಪೆಟ್ಟಿಗೆಯಲ್ಲಿ ಬಿಟ್ಟು ಬರುವುದು, ಮುಂದೆ ಬಂದವರು ಅದನ್ನು ಒಯ್ದು ಅಂಚೆಗೆ ಹಾಕುವುದು. ಕಾಗದ ಯಾವಾಗ ತಲುಪೀತು ಎಂಬುದು ಯಾರೋ ಅಪರಿಚಿತರ ಕಾಲಿಗೆ ಬಿಟ್ಟದ್ದು. ಡಾರ್ಟ್‌ಮೂರಿನ ಬಗ್ಗೆ ಬರೆದ ವಿಲಿಯಂ ಕ್ರಾಸಿಂಗ್ ನೆನಪಿಗೆ 1938ರಲ್ಲಿ ಡಕ್ಸ್ ಪೂಲ್‌ನಲ್ಲೂ ಇಂಥದೇ ಪೆಟ್ಟಿಗೆ ಇಟ್ಟರು. ಪ್ರತಿಮೆಗಿಂತ ವಾಸಿ.

ಹನ್ನೆರಡು ವರ್ಷ ಬಿಟ್ಟಿದ್ದ ಈ ಹವ್ಯಾಸಕ್ಕೆ ಈ ಬೇಸಿಗೆಯಲ್ಲಿ ಮರಳಿದೆ. ಮೊಣಕಾಲು ಮೊದಲಿನಂತಿಲ್ಲ. ಸೈನ್ಯದ ಗುಂಡಿನ ಅಭ್ಯಾಸವಿಲ್ಲದ ದಿನ ನೋಡಿಕೊಂಡು, ದಿಕ್ಸೂಚಿ ಹಿಡಿದು ಕ್ರ್ಯಾನ್‌ಮಿಯರ್‌ಗೆ ಹೋದೆ. ಪೆಟ್ಟಿಗೆಯಲ್ಲಿ ಅಜ್ಜಿಯೊಬ್ಬರ ವಿಳಾಸಕ್ಕೆ ಮಗುವೊಂದು ಬರೆದ ಕಾರ್ಡ್ ಇತ್ತು, ಅಂಚು ತೇವಗೊಂಡಿತ್ತು. ಅದನ್ನು ಎದೆಜೇಬಿನಲ್ಲಿಟ್ಟುಕೊಂಡು, ಧಾರವಾಡದ ಅಮ್ಮನಿಗೆ ಬರೆದ ನನ್ನದೊಂದನ್ನು ಅಲ್ಲಿ ಬಿಟ್ಟು ಬಂದೆ. ಅಜ್ಜಿಯ ಕಾರ್ಡ್ ಅದೇ ಸಂಜೆ ಓಕ್‌ಹ್ಯಾಂಪ್ಟನ್ನಿನಲ್ಲಿ ಅಂಚೆಗೆ ಬಿತ್ತು. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ, ಇನ್ನೂ ಬಂದಿಲ್ಲವಲ್ಲೋ ಎಂದು.