ಹುಣ್ಣಿಮೆಯಲ್ಲಿ ಉಳಿದ ಅರ್ಥ

ಮಾರ್ಗಶಿರದ ಹುಣ್ಣಿಮೆಗೆ ಹೊಸ್ತಿಲ ಹುಣ್ಣಿಮೆ ಎಂದು ಹೆಸರು. ಆದರೆ ಬಾಗೇವಾಡಿ ಸೀಮೆಯ ಗೊಳಸಂಗಿಯಲ್ಲಿ ವಯಸ್ಸಾದ ಹೆಣ್ಣುಮಕ್ಕಳನ್ನು ಕೇಳಿದರೆ 'ರಂಡಿ ಹುಣ್ಣಿಮಿ' ಎಂಬ ಹೆಸರೂ ಬರುತ್ತದೆ. ಹಾಗೆನ್ನುವಾಗ ಅವರು ದನಿ ತಗ್ಗಿಸುವುದಿಲ್ಲ, ಅತ್ತಿತ್ತ ನೋಡುವುದಿಲ್ಲ. ಜಮದಗ್ನಿ ಹತನಾದ, ಎಲ್ಲಮ್ಮ ಗಂಡನನ್ನು ಕಳೆದುಕೊಂಡಳು, ಅದಕ್ಕೇ ಆ ಹೆಸರು. ಸವದತ್ತಿಯ ಗುಡ್ಡದಲ್ಲಿ ಅಂದು ದೇವಿಯ ಬಳೆ, ತಾಳಿ ಇಳಿಸುವ ವಿಧಿ ನಡೆಯುತ್ತದೆ. ಎರಡು ತಿಂಗಳು ಕಳೆದು ಮಾಘದ ಭಾರತ ಹುಣ್ಣಿಮೆ ಬಂದರೆ ಅದು ಮುತ್ತೈದೆ ಹುಣ್ಣಿಮೆ. ಜಮದಗ್ನಿ ಎದ್ದ, ದೇವಿಗೆ ಮತ್ತೆ ಬಳೆ, ಮತ್ತೆ ಕುಂಕುಮ. ಗುಡ್ಡದ ತುಂಬ ಉಧೋ ಉಧೋ.

ಪತ್ರಿಕೆಗಳು ಈಗ ಇದನ್ನು 'ವಿಧವಾ ಹುಣ್ಣಿಮೆ' ಎಂದು ತಿದ್ದಿ ಬರೆಯುತ್ತವೆ. ತಿದ್ದಿದ್ದು ಯಾಕೆಂಬುದು ಎಲ್ಲರಿಗೂ ಗೊತ್ತು. ಹಬ್ಬದ ಹೆಸರಾಗಿ ಬಂದಾಗ ನಾವು ಕೈ ಮುಗಿಯುವ ಆ ಶಬ್ದವೇ ಬಸ್‌ಸ್ಟ್ಯಾಂಡಿನಲ್ಲಿ, ಹೊಲದ ಬದುವಿನಲ್ಲಿ, ಕುಡಿದು ಬಂದವನ ಮನೆಯ ಪಡಸಾಲೆಯಲ್ಲಿ ಹೆಣ್ಣಿನ ಮೇಲೆ ಎಸೆಯುವ ಕಲ್ಲು. ಒಂದೇ ಶಬ್ದಕ್ಕೆ ಈ ಎರಡು ಬಾಳು ಹೇಗೆ ಬಂದವು ಎಂದು ಹುಡುಕುತ್ತ ಹೋದರೆ, ನಮ್ಮ ಸಮಾಜ ಹೆಣ್ಣಿನ ದುಃಖವನ್ನು ಅವಳ ಅಪರಾಧವಾಗಿ ಮಾಡಿದ ದಾರಿ ಕಾಣುತ್ತದೆ.

ಸಂಸ್ಕೃತದ 'ರಂಡ' ಶಬ್ದಕ್ಕೆ ನಿಘಂಟುಗಳು ಕೊಡುವ ಅರ್ಥ ಊನವಾದದ್ದು, ಅಂಗ ಮುರಿದದ್ದು. ಕಾಯಿ ಬಿಡದ ಮರಕ್ಕೂ, ಗಂಡುಸಂತಾನವಿಲ್ಲದೆ ಸತ್ತವನಿಗೂ ಈ ಮಾತು ಸಲ್ಲುತ್ತಿತ್ತು. ಸ್ತ್ರೀಲಿಂಗದ 'ರಂಡಾ' ಎಂದರೆ ವಿಧವೆ. ಅಮರಕೋಶದಲ್ಲಿ ಮಾತ್ರ 'ರಂಡಾ' ಇರುವುದು ಗಿಡಮೂಲಿಕೆಗಳ ಸಾಲಿನಲ್ಲಿ, ಒಂದು ಸಸ್ಯದ ಹೆಸರಾಗಿ. ಗಂಡ ಸತ್ತವಳಿಗೆ ಅಲ್ಲಿ 'ವಿಶ್ವಸ್ತಾ', 'ವಿಧವಾ' ಎಂಬ ಬೇರೆ ಹೆಸರುಗಳಿವೆ. ಆಮೇಲಿನ ಬಳಕೆಯಲ್ಲಿ ಊನದ ಅರ್ಥ ಹೆಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಗಂಡ ಸತ್ತರೆ ಅವಳ ಕೈ ಹೋಗುವುದಿಲ್ಲ, ಕಾಲು ಹೋಗುವುದಿಲ್ಲ. ಆದರೂ ಅವಳನ್ನು ಕರೆಯಲು ಆರಿಸಿಕೊಂಡದ್ದು ಅಂಗ ಮುರಿದದ್ದಕ್ಕೆ ಹೇಳುವ ಮಾತನ್ನು.

'ವಿಧವೆ' ಎಂಬುದು ಮೇಲುನೋಟಕ್ಕೆ ಸಭ್ಯವಾದ ಶಬ್ದ. 'ವಿ' ಎಂದರೆ ಇಲ್ಲದ, 'ಧವ' ಎಂದರೆ ಗಂಡ, ಹಾಗಾಗಿ ಗಂಡನಿಲ್ಲದವಳು ಎಂದು ಶಾಲೆಯಲ್ಲಿ ಬಿಡಿಸಿ ಹೇಳಿಕೊಡುತ್ತಾರೆ. ಭಾಷಾವಿಜ್ಞಾನಿಗಳು ಕಂಡುಕೊಂಡದ್ದು ಇದರ ತಿರುವುಮುರುವು. ವೇದಕಾಲದ 'ವಿಧವಾ' ಶಬ್ದ ಲ್ಯಾಟಿನ್ನಿನ 'ವಿದುವಾ', ಇಂಗ್ಲಿಷಿನ 'ವಿಡೋ' ಶಬ್ದಗಳ ಒಡಹುಟ್ಟು, ಬೇರ್ಪಡುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಅದರಲ್ಲಿ ಗಂಡ ಇರಲೇ ಇಲ್ಲ. 'ವಿಧವಾ' ಶಬ್ದವನ್ನು ಆಮೇಲಿನವರು ಒಡೆದು, 'ಧವ' ಎಂಬ ಗಂಡನನ್ನು ಅದರೊಳಗಿಂದ ಹೊರತೆಗೆದರು. ಅಗಲಿಕೆಯನ್ನು ಹೇಳುತ್ತಿದ್ದ ಪದಕ್ಕೆ ಗಂಡನನ್ನು ಅಳತೆಗೋಲಾಗಿ ಸೇರಿಸಿದ್ದು ವ್ಯಾಕರಣದ ತಪ್ಪು ಮಾತ್ರವಲ್ಲ. ಹೆಣ್ಣನ್ನು ಹಾಗೆಯೇ ಅಳೆಯುತ್ತಿದ್ದ ಕಣ್ಣಿಗೆ ಪದವೂ ಹಾಗೆಯೇ ಕಂಡಿತು.

ಕನ್ನಡದ ಬೈಗುಳಕ್ಕೆ ಬರೋಣ. ಬಡಗಣ ಸೀಮೆಯಲ್ಲಿ 'ರಂಡಿಮಗ', ಮೈಸೂರು ಕಡೆ 'ಮುಂಡೇಮಗ', ನಾಡಿನ ಉದ್ದಗಲಕ್ಕೂ 'ಬೋಳಿಮಗ'. ಬೈಯುವವರು ಬೇರೆ ಬೇರೆ ಎಂದುಕೊಂಡು ಬೈಯುತ್ತಾರೆ, ಆದರೆ ಮೂರಕ್ಕೂ ಅರ್ಥ ಒಂದೇ. ಮುಂಡೆ ಎಂದರೆ ತಲೆ ಬೋಳಿಸಲ್ಪಟ್ಟವಳು, ಬೋಳಿಯೂ ಅವಳೇ, ರಂಡಿಯೂ ಅವಳೇ. ಅವಳ ಮಗ ಎಂದರೆ ಅಪ್ಪ ಸತ್ತ ಹುಡುಗ. ಜಗಳದಲ್ಲಿ ಎದುರಿಗಿರುವ ಗಂಡಸನ್ನು ಕೆಳಗಿಳಿಸಲು ನಮಗೆ ಸಿಕ್ಕ ಅತಿ ಕೀಳು ಮಾತು, ಅಪ್ಪನಿಲ್ಲದೆ ತಾಯಿಯ ದುಡಿಮೆಯಲ್ಲಿ ಬೆಳೆದವನೇ ಎಂಬುದು! ಸನ್ಯಾಸಿಯ ಬೋಳುತಲೆಗೆ ನಾವು ಅಡ್ಡಬೀಳುತ್ತೇವೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರನ್ನು ಪುಣ್ಯವಂತರು ಎನ್ನುತ್ತೇವೆ. ಕೂದಲನ್ನು ಬಲವಂತದಿಂದ ಕಳೆದುಕೊಂಡವಳ ಬೋಳುತಲೆ ಮಾತ್ರ ಬೈಗುಳವಾಯಿತು. ಆ ತಲೆಯ ಸಂಕಟ ಏನೆಂದು ತಿಳಿಯಬೇಕಾದವರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಬೇಕು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದನ್ನು ನೋಡಬೇಕು.

ವಿಜಾಪುರ ಸೀಮೆಯ ಒಕ್ಕಲುಮನೆಗಳಲ್ಲಿ ಬಹುಮಟ್ಟಿಗೆ ತಲೆ ಬೋಳಿಸುವ ರೂಢಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ಸಮುದಾಯಗಳಲ್ಲಿ 'ಉಡಕಿ' ಇತ್ತು. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಂದು ಸಂಸಾರ ಕಟ್ಟಿಕೊಡುತ್ತಿದ್ದರು, 1856ರ ವಿಧವಾ ಪುನರ್ವಿವಾಹ ಕಾಯ್ದೆಗೆ ಕಾಯದೆಯೇ. ಹಾಗಿದ್ದೂ 'ಬೋಳಿ' ಎಂಬ ಬೈಗುಳ ಈ ಮನೆಗಳ ಬಾಯಿಗೂ ಬಂದು ಕೂತಿತು. ಮೇಲ್ಜಾತಿಯ ಕ್ರೌರ್ಯ ರೂಢಿಯಾಗಿ ಬರಲಿಲ್ಲ, ಮಾತಾಗಿ ಬಂತು. ಮಾತಾಗಿ ಬಂದದ್ದು ಹೆಚ್ಚು ದಿನ ಬಾಳುತ್ತದೆ.

ವಿಧವೆ ಎಂಬ ಅರ್ಥ ಸೂಳೆ ಎಂಬ ಅರ್ಥಕ್ಕೆ ಜಾರಿದ್ದು ಹೇಗೆ? ಮರಾಠಿಯ 'ರಾಂಡ' ಶಬ್ದದಲ್ಲಿ ಎರಡೂ ಅರ್ಥಗಳಿವೆ. ಹಳೆಯ ಹಿಂದೂಸ್ತಾನಿಯಲ್ಲಿ 'ರಂಡಿ' ಎಂದರೆ ಬರೀ ಹೆಂಗಸು ಎಂಬ ಅರ್ಥವೂ ಇತ್ತು. ಕ್ರಮೇಣ ಅದು ಮೈಮಾರುವವಳು ಎಂಬಲ್ಲಿಗೆ ಇಳಿಯಿತು. ಗಂಡಿನ ಕಾವಲಿಲ್ಲದ ಹೆಣ್ಣು ಎಲ್ಲರ ಸ್ವತ್ತು ಎಂಬ ಎಣಿಕೆ ಇಲ್ಲದಿದ್ದರೆ ಈ ಇಳಿತ ಸಾಧ್ಯವೇ ಇರಲಿಲ್ಲ. ಅದೇ ಹಿಂದಿಯಲ್ಲಿ ಹೆಂಡತಿ ಸತ್ತ ಗಂಡಸಿಗೆ 'ರಂಡುವಾ' ಎಂಬ ಮಾತಿದೆ. ಅದು ಇಂದಿಗೂ ಹೆಂಡತಿ ಸತ್ತವನು ಎಂಬಲ್ಲಿಯೇ ನಿಂತಿದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ಸಂಗತಿಯೂ ನಡೆದಿರಬೇಕೆಂದು ನನಗೆ ತೋರುತ್ತದೆ. ಮಾಲಾ ಮಾಲೆಯಾದಂತೆ, ರಂಡಾ ಕನ್ನಡದಲ್ಲಿ ರಂಡೆಯಾಯಿತು. ವಿಜಾಪುರದ ಬಾಯಲ್ಲಿ ಕೊನೆಯ ಎಕಾರ ನಿಲ್ಲುವುದಿಲ್ಲ. ಮನೆ ಮನಿ, ಹೊಳೆ ಹೊಳಿ, ಹುಣ್ಣಿಮೆ ಹುಣ್ಣಿಮಿ. ಹಾಗೆ ರಂಡೆ ರಂಡಿಯಾಯಿತು. ಆದಿಲ್‌ಶಾಹಿಯ ರಾಜಧಾನಿಯಾಗಿದ್ದ ವಿಜಾಪುರದಲ್ಲಿ ದಖನಿ, ಮರಾಠಿ, ಕನ್ನಡ ಒಂದೇ ಬಜಾರಿನಲ್ಲಿ ಓಡಾಡಿದ ಭಾಷೆಗಳು. ಅತ್ತ ಉತ್ತರದಿಂದ ಬಂದ, ಮೈಮಾರುವವಳು ಎಂಬ ಅರ್ಥದ 'ರಂಡಿ'. ಇತ್ತ ಹುಣ್ಣಿಮೆಯ, ಗಂಡ ಸತ್ತವಳು ಎಂಬ ಅರ್ಥದ 'ರಂಡಿ'. ಕಿವಿಗೆ ಎರಡೂ ಒಂದೇ ಆದ ಮೇಲೆ ಬೈಯುವವನಿಗೆ ಆರಿಸುವ ಕಷ್ಟವೂ ಉಳಿಯಲಿಲ್ಲ, ಕೇಳಿಸಿಕೊಳ್ಳುವ ವಿಧವೆಗೆ ಎರಡೂ ಗಾಯ ಒಟ್ಟಿಗೆ ಆದವು.

ಉಳ್ಳಾಗಡ್ಡಿ ಕೊಯ್ಲಿನ ಹೊತ್ತು. ಹೊಲದಲ್ಲಿ ಹೆಣ್ಣಾಳುಗಳು ಸಾಲಾಗಿ ಕೂತು ಕುಡಗೋಲಿನಿಂದ ಗಡ್ಡೆಯ ತಪ್ಪಲು ಕತ್ತರಿಸುತ್ತಿದ್ದರು. ಆಚೆ ಟ್ರ್ಯಾಕ್ಟರು ಚಾಲೂ ಆಗದೆ ಹುಡುಗನೊಬ್ಬ ಅದರ ಗಾಲಿಗೆ ಒದ್ದು 'ರಂಡೀದು' ಎಂದ. ಸಾಲಿನಲ್ಲಿದ್ದ ಹಿರಿಯಳು ಕತ್ತರಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಅದರ ಗಂಡ ಸತ್ತಾನೇನೋ ತಮ್ಮಾ?" ಎಂದಳು. ಬರಿಗೈ, ಬರಿಹಣೆಯ ಹೆಣ್ಣುಮಗಳು. ಹುಡುಗನಿಗೆ ಮಾತಿನ ಅರ್ಥವೇ ಆಗಲಿಲ್ಲ. ಪಕ್ಕದಲ್ಲಿ ಕೂತವರಿಗೆಲ್ಲ ಆಯಿತು. ಆ ಹುಡುಗ ಕೆಟ್ಟವನಲ್ಲ. ಅವನ ಪೀಳಿಗೆಯವರು ಮೊಬೈಲಿನಲ್ಲಿ ಕಲಿತು, ಯಾರಾದರೂ ಗೊಣಗಿದರೆ 'ರಂಡಿ ರೋನಾ' ಎನ್ನುತ್ತಾರೆ. ಗಂಡನ ಹೆಣದ ಮುಂದೆ ಕೂತವಳ ಅಳುವೂ ಹೀಗೆ ಗೇಲಿಯ ಮಾತಾಯಿತು.

ಪೊಲೀಸ್ ಠಾಣೆಯ ಕನ್ನಡದಲ್ಲಿ ಇಂಥ ಮಾತುಗಳಿಗೆ 'ಅವಾಚ್ಯ ಶಬ್ದ' ಎನ್ನುತ್ತಾರೆ, ಆಡಬಾರದ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಉದ್ದೇಶದ ಮಾತಿಗೆ ಶಿಕ್ಷೆ ಹೇಳುತ್ತದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೆಣ್ಣನ್ನು ಹೀನಾಯವಾಗಿ ಕಾಣುವ ಪದಗಳನ್ನು ತೀರ್ಪು, ವಾದಪತ್ರಗಳಿಂದ ಕೈಬಿಡಲು ಕೈಪಿಡಿಯನ್ನೇ ತಂದಿತು. ಅದರ ಪಟ್ಟಿಯಲ್ಲಿರುವುದು ಇಂಗ್ಲಿಷ್ ಪದಗಳು. ತಾಲ್ಲೂಕು ಕೋರ್ಟುಗಳಲ್ಲಿ ಕನ್ನಡದಲ್ಲೇ ಸಾಕ್ಷಿ ನುಡಿಯುವ ಹೆಂಗಸಿಗೆ ಅಂಥದೇ ಒಂದು ಕನ್ನಡ ಪಟ್ಟಿ ಬೇಕು.

ಹಳ್ಳಿಗಳೇ ಮಾಡಿದ ಎರಡು ಕೆಲಸಗಳು ನನಗೆ ಇವೆಲ್ಲಕ್ಕಿಂತ ದೊಡ್ಡವಾಗಿ ಕಾಣುತ್ತವೆ. ನಮ್ಮ ಗಡಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮಸಭೆ 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಹರಿಯುವುದು ಇನ್ನು ನಡೆಯಕೂಡದು ಎಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಆ ಠರಾವನ್ನು ಎಲ್ಲ ಪಂಚಾಯಿತಿಗಳಿಗೂ ಮಾದರಿಯಾಗಿ ತೋರಿಸಿತು. 2024ರ ನವೆಂಬರ್‌ನಲ್ಲಿ ಅಹಿಲ್ಯಾನಗರ ಜಿಲ್ಲೆಯ ನೇವಾಸಾ ತಾಲ್ಲೂಕಿನ ಸೌಂದಾಳಾ ಗ್ರಾಮಸಭೆ ತಾಯಿ, ತಂಗಿಯರನ್ನು ಎಳೆದು ಬೈದವರಿಗೆ 500 ರೂಪಾಯಿ ದಂಡ ಹಾಕಿತು.

ಒಂದು ಊರು ಬಳೆಯನ್ನು ಉಳಿಸಿತು, ಇನ್ನೊಂದು ಮಾತನ್ನು ತಡೆಯಿತು. ಗೊಳಸಂಗಿಯ ಗ್ರಾಮಸಭೆಗೆ ಎರಡನ್ನೂ ಒಂದೇ ಠರಾವಿನಲ್ಲಿ ಬರೆಯುವ ಅವಕಾಶವಿದೆ. ರಂಡಿ ಹುಣ್ಣಿಮೆಗೂ ಮುತ್ತೈದೆ ಹುಣ್ಣಿಮೆಗೂ ಗುಡ್ಡಕ್ಕೆ ಗಾಡಿ ಕಟ್ಟಿದ ಸೀಮೆಗೆ ಇದು ದೂರದ ವಿಚಾರವಲ್ಲ. ದೇವಿಗೆ ಎರಡು ತಿಂಗಳಲ್ಲಿ ಮರಳುವ ಬಳೆ ಹೊಲದ ಹೆಣ್ಣುಮಗಳಿಗೆ ಯಾಕೆ ಮರಳಬಾರದು ಎಂದು ಕೇಳಲು ಅವರಿಗಿಂತ ಹಕ್ಕುಳ್ಳವರು ಯಾರಿದ್ದಾರೆ? ಠರಾವಿನಲ್ಲಿ 'ಅವಾಚ್ಯ ಶಬ್ದ' ಎಂದಷ್ಟೇ ಬರೆದು ಮುಚ್ಚಿಡುವುದು ಬೇಡ. ರಂಡಿ, ಮುಂಡೆ, ಬೋಳಿ ಎಂದು ಒಂದೊಂದನ್ನೂ ಬರೆದು, ಪಕ್ಕದಲ್ಲಿ ಗಂಡ ಸತ್ತವಳು ಎಂದು ಅರ್ಥವನ್ನೂ ಬರೆದು, ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು.