ಗುಡ್ಡದ ಹೊಟ್ಟೆಯಿಂದ ಅಡಿಕೆಯ ಬುಡಕ್ಕೆ

ಕಾಸರಗೋಡಿನ ಬಾಯಾರು, ಎಣ್ಮಕಜೆ, ಅದಕ್ಕೆ ಅಂಟಿಕೊಂಡೇ ಇರುವ ದಕ್ಷಿಣ ಕನ್ನಡದ ಮಾಣಿಲ, ಕೇಪು. ಈ ಊರುಗಳ ಹಳೆಯ ಅಡಿಕೆ ತೋಟಗಳಲ್ಲಿ ನೀರಿನ ಮೂಲ ನೋಡಬೇಕಾದರೆ ಮೇಲ್ಬದಿಯ ಬರೆಯ ಕಡೆಗೆ ತಿರುಗಬೇಕು. ಜರಿಗಿಡಗಳ ಮರೆಯಲ್ಲಿ, ಒಬ್ಬ ಮನುಷ್ಯ ತಲೆ ತಗ್ಗಿಸಿ ನುಸುಳುವಷ್ಟು ದೊಡ್ಡ ಬಾಯಿಯೊಂದು ಕಾಣುತ್ತದೆ. ಎತ್ತರ ಐದಾರು ಅಡಿ, ಅಗಲ ಎರಡಡಿಯ ಆಸುಪಾಸು. ಒಳಗಿನ ಕತ್ತಲೆಯಿಂದ ಬೆರಳು ಗಾತ್ರದ ನೀರು ಸದ್ದಿಲ್ಲದೆ ಹರಿದು ಬರುತ್ತಿರುತ್ತದೆ. ಅದೇ ಸುರಂಗ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಗೆ ನೀರಿನ ಬರವೇ? ಹೌದು. ಮಳೆಯ ಬಹುಪಾಲು ಮಳೆಗಾಲದ ಕೆಲವೇ ತಿಂಗಳುಗಳಲ್ಲಿ ಬಂದು ಇಳಿಜಾರಿನಲ್ಲಿ ಓಡಿಬಿಡುತ್ತದೆ. ಅಡಿಕೆಯ ಬೇರೋ ಮೇಲುಮೇಲಿನದು. ಬೇಸಿಗೆಯಲ್ಲಿ ನೀರು ತಪ್ಪಿದರೆ ಮರ ಸೊರಗುತ್ತದೆ. ಆದರೆ ಮಳೆಯಲ್ಲೊಂದು ಪಾಲು ಗುಡ್ಡದ ನೆತ್ತಿಯ ಪದವಿನ ಮುರಕಲ್ಲಿನ ತೂತುಗಳಲ್ಲಿ ಇಂಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಕಲ್ಲಿಗೇ. ಇಂಗಿದ ನೀರು ಅಡಿಯ ಜೇಡಿಮಣ್ಣಿನ ಪದರದಲ್ಲಿ ತಡೆದು ನಿಲ್ಲುತ್ತದೆ. ಇಳಿಜಾರಿನವರು ಅಡ್ಡಕ್ಕೆ ಕೊರೆದು ಹೋಗಿ ಮುಟ್ಟಿದ್ದು ಆ ನೀರನ್ನು.

ಎಲ್ಲಿ ಕೊರೆಯಬೇಕು? ಬಸರಿ, ಉಪ್ಪಳಿಗೆಯಂಥ ಮರಗಳು, ಹುತ್ತಗಳು, ಬೇಸಿಗೆಯಲ್ಲೂ ಹಸಿರು ಆರದ ಜಾಗ ಇವೆಲ್ಲ ಬಲ್ಲವರಿಗೆ ಗುರುತು. ಜಾಗ ಗೊತ್ತಾದ ಮೇಲೆ ಪಿಕ್ಕಾಸು ಹಿಡಿದು ಒಬ್ಬ ಅಗೆದರೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರುತ್ತಾನೆ. ಉದ್ದದ ಲೆಕ್ಕ ಕೋಲಿನಲ್ಲಿ. ಒಂದು ಕೋಲು ಎಂದರೆ 72 ಸೆಂಟಿಮೀಟರ್. ನೀರು ತಾನಾಗಿ ಹೊರಬರಲು ನೆಲವನ್ನು ಬಾಯಿಯ ಕಡೆಗೆ ತುಸುವೇ ತಗ್ಗಿಸುತ್ತ ಹೋಗಬೇಕು. ಕೈಯಲ್ಲಿನ ದೀಪ ಮಂಕಾದರೆ ಒಳಗೆ ಗಾಳಿ ಸಾಲದೆಂದು ಅರ್ಥ. ತಕ್ಷಣ ಹೊರಗೆ ಬರಬೇಕು. ತೀರಾ ಉದ್ದವಾದರೆ ಮೇಲಿನಿಂದ ಗಾಳಿಗೊಂದು ಕಿಂಡಿ ಕೊರೆಯುತ್ತಿದ್ದರು. ಕುಸಿತದ ಭಯವಂತೂ ಇದ್ದೇ ಇತ್ತು. ಇಷ್ಟೆಲ್ಲ ಮಾಡಿಯೂ ನೀರು ಸಿಗುತ್ತದೆಂಬ ಖಾತ್ರಿಯಿಲ್ಲ.

ಬೀದರಿನ ನೌಬಾದಿನಲ್ಲೂ ಇಂಥದ್ದೊಂದಿದೆ, ಬಹಮನಿ ಕಾಲದ ಕರೇಜ್. ಅದೂ ಮುರಕಲ್ಲಿನ ನೆಲದಡಿಯ ಕಾಲುವೆಯೇ, ಪಾರಸಿ ಖನಾತಿನ ಬಳಗ. ಆದರೆ ಅದರ ಹಿಂದೆ ಅರಸೊತ್ತಿಗೆಯ ಬಲವಿತ್ತು. ಕರಾವಳಿಯ ಸುರಂಗ ಮನೆಯೊಂದರ ಕೆಲಸ. ಒಂದು ಕುಟುಂಬ, ಒಂದು ತೋಟ, ಒಂದೆರಡು ಬೇಸಿಗೆಯ ಬೆವರು.

ನೀರು ಬಂದ ಮೇಲಿನ ವ್ಯವಸ್ಥೆಯಲ್ಲಿ ಇನ್ನೊಂದು ಜಾಣ್ಮೆಯಿದೆ. ಇಷ್ಟು ಸಣ್ಣ ಧಾರೆಯನ್ನು ನೇರವಾಗಿ ತೋಟಕ್ಕೆ ಬಿಟ್ಟರೆ ನಾಲ್ಕು ಮರ ದಾಟುವುದರೊಳಗೆ ನೆಲವೇ ಕುಡಿದುಬಿಡುತ್ತದೆ. ಅದಕ್ಕೇ ಬಾಯಿಯ ಕೆಳಗೊಂದು ಮಣ್ಣಿನ ಕೊಳ. ಸೀಳಿದ ಅಡಿಕೆ ಮರದ ದಂಬೆಯಲ್ಲಿ ಇಳಿದ ನೀರು ರಾತ್ರಿಯಿಡೀ ಅಲ್ಲಿ ತುಂಬುತ್ತದೆ. ಬೆಳಗ್ಗೆ ಅದನ್ನು ಮರಗಳ ಸಾಲಿನ ನಡುವಿನ ಕಣಿಗೆ ಬಿಟ್ಟು, ಅಡಿಕೆ ಹಾಳೆಯಲ್ಲಿ ಮೊಗೆದು ಮೊಗೆದು ಬುಡಕ್ಕೆ ಎರಚುತ್ತಿದ್ದರು. ಮರದಿಂದ ಬಿದ್ದ ಹಾಳೆಯೇ ಮರಕ್ಕೆ ನೀರುಣಿಸುವ ಪಾತ್ರೆ! ಕಾಲ ಸರಿದಂತೆ ದಂಬೆಯ ಜಾಗಕ್ಕೆ ಪೈಪು, ಹಾಳೆಯ ಜಾಗಕ್ಕೆ ಸ್ಪ್ರಿಂಕ್ಲರ್ ಬಂತು. ಕೊಳ ಎತ್ತರದಲ್ಲಿದ್ದರೆ ಅದಕ್ಕೂ ಪಂಪು ಬೇಡ, ಇಳಿಜಾರಿನ ಒತ್ತಡವೇ ಸಾಕು.

ಕೊಳವೆಬಾವಿ ಬಂದ ಮೇಲೆ ಹೊಸ ಸುರಂಗ ಕೊರೆಯುವವರು ಕಡಿಮೆಯಾದರು. ಅಗೆಯುವ ಕೈಗಳೂ ಸಿಗದಾದವು. ಈ ವಿದ್ಯೆಯನ್ನು ಹೊರಜಗತ್ತಿಗೆ ಮುಟ್ಟಿಸುವಲ್ಲಿ ಪತ್ರಕರ್ತ ಶ್ರೀಪಡ್ರೆಯವರ ಬರಹಗಳು ದೊಡ್ಡ ಕೆಲಸ ಮಾಡಿವೆ.

ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಕತೆ ಹೀಗೆ ಹೊರಬಂದದ್ದು. ಬೇರೆಯವರ ತೋಟಗಳಲ್ಲಿ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದ ಕೂಲಿಕಾರ ಅವರು. ಧಣಿ ಕೊಟ್ಟ ಸುಮಾರು ಎರಡು ಎಕರೆ ಬೋಳುಗುಡ್ಡಕ್ಕೆ ನೀರಿರಲಿಲ್ಲ. ಹಗಲು ಕೂಲಿ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಒಂದಲ್ಲ, ಐದು ಸುರಂಗ ಒಣಗಿಯೇ ಉಳಿದವು. ಊರು ಹುಚ್ಚೆಂದಿತು. ಆರನೆಯದರಲ್ಲಿ ನೀರು ಜಿನುಗಿತು. ಆಮೇಲೆ ಗುಡ್ಡವನ್ನು ತಟ್ಟು ತಟ್ಟಾಗಿ ಕಡಿದು, ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ, ಅಡಿಕೆ, ತೆಂಗು, ಬಾಳೆ ನೆಟ್ಟರು. 2022ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರನ್ನು ಹುಡುಕಿಕೊಂಡು ಹೋದವರು ಹತ್ತಿ ಇಳಿದದ್ದು ಅದೇ ತಟ್ಟುಗಳನ್ನು.